ತೆಗೆದ ಕೈ

“ಮೇಡಂ, ಈ ಕೈ ತೆಗೆದುಬಿಡ್ಲಾ?”

ಕೇಳಿದವಳು ತನುಜಾ. ಅವಳ ಮುಂದೆ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಇತ್ತು. ಪಕ್ಕದಲ್ಲಿ ಸ್ಟೀಲ್ ಸ್ಕೇಲು, ಕಟರ್. ಕೇಳುವ ಹೊತ್ತಿಗೆ ಸ್ಕೇಲನ್ನು ಫೋಟೋದ ಎಡಗಡೆ ಅಂಚಿಗೆ ಒತ್ತಿ ಹಿಡಿದೂ ಆಗಿತ್ತು. ಅಪ್ಪಣೆ ಸಿಕ್ಕೇ ಸಿಗುತ್ತದೆ ಅನ್ನುವವರು ಕೇಳುವ ರೀತಿ ಅದು.

ಮಂದಾಕಿನಿ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವರು ಹುಡುಗಿಯರಿಗೆ ಫೋಟೋಗ್ರಫಿ ಕಲಿಸುತ್ತಿದ್ದದ್ದು ದಾವಣಗೆರೆಯ ಹಳೇ ಪೇಟೆಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮಹಡಿ ಮೇಲೆ. ಕನ್ನಡಕ, ಲೆನ್ಸು, ಹುಡುಗಿಯರ ಹುಬ್ಬು, ಎಲ್ಲದರ ಮೇಲೂ ದಿನಾ ತೆಳ್ಳಗೆ ಬಿಳಿ ಕೂರುತ್ತಿತ್ತು. ಮೇಡಂ ಬರೀ ಫೋಟೋದವರಲ್ಲ. ಜನರ ದನಿ ಹಿಡಿದು, ವಿಡಿಯೋ ಮಾಡಿ, ಫೋಟೋದ ಜೊತೆ ಸೇರಿಸಿ ತೋರಿಸುತ್ತಿದ್ದರು. ಅವರು ಹಿಡಿದ ದನಿಗಳ ಹಿಂದೆಲ್ಲ ಗಿರಣಿಯ ಗರಗರ ಸದ್ದು ಇರುತ್ತಿತ್ತು. ಬೇರೆ ಊರಿನವರು ಅದನ್ನು ಕಲೆ ಅಂದುಕೊಂಡಿದ್ದರು. ಮೇಡಂ ತಿದ್ದಲು ಹೋಗಲಿಲ್ಲ.

ಮಾರನೇ ದಿನ ಹುಡುಗಿಯರ ಪ್ರದರ್ಶನ. ತನುಜಾ ತೆಗೆದದ್ದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಫೋಟೋ. ಸುತ್ತ ಹೊಗೆ, ಕತ್ತಲೆ, ನಡುವೆ ಮುಖ ಮಾತ್ರ ಬೆಳಗುತ್ತಿತ್ತು. ಭಟ್ಟಿಯೊಳಗೆ ಅಂಥ ಬೆಳಕು ತಾನಾಗಿ ಬರುವುದಿಲ್ಲ. ಬಾಗಿಲಲ್ಲಿ ಬಿದ್ದ ಬಿಸಿಲನ್ನು ಒಬ್ಬಳು ಥರ್ಮಾಕೋಲ್ ಹಾಳೆ ಹಿಡಿದು ಆ ಮುಖಕ್ಕೆ ತಿರುಗಿಸಿದ್ದಳು. ಅವಳು ಕೊಟ್ರಮ್ಮ, ತನುಜಾಳ ಜೊತೆಗೇ ಕಲಿಯಲು ಸೇರಿದವಳು. ಜಾಗ ಇಕ್ಕಟ್ಟು. ಭಟ್ಟಿಯ ಬಿಸಿ ಗೋಡೆಗೆ ಅವಳ ಮೊಣಕೈ ಒತ್ತಿಕೊಂಡು ಸುಡುತ್ತಿತ್ತು. “ಏ, ಬೇಗ ಒತ್ತೇ ಮಾರಾಯ್ತಿ, ನಾನೂ ಮಂಡಕ್ಕಿ ಆಗ್ತಿದೀನಿ” ಅಂದಳೇ ಹೊರತು ಹಾಳೆ ಇಳಿಸಲಿಲ್ಲ.

ಆಮೇಲೆ ಕೊಟ್ರಮ್ಮನಿಗೆ ಮದುವೆ ಗೊತ್ತಾಯಿತು. ಹುಡುಗಿಯ ಹೆಸರು ಯಾರ‍್ಯಾರ ಕಣ್ಣಿಗೋ ಬೀಳುವ ಹಾಗೆ ಗೋಡೆ ಮೇಲೆ ಬೇಡ ಅಂದರು ಗಂಡಿನ ಕಡೆಯವರು. ಅವಳು ತರಗತಿಯ ಕ್ಯಾಮೆರಾ ವಾಪಸ್ ತಂದು, ಅದರ ಮೇಲಿನ ಹಿಟ್ಟು ಒರೆಸಿ, ಮೇಜಿನ ಮೇಲಿಟ್ಟು ಹೋದಳು. ಪ್ರದರ್ಶನಕ್ಕೆ ಅಂತ ಹುಡುಗಿಯರು ತಮ್ಮ ತಮ್ಮ ಮೊಳೆ ತಾವೇ ಹೊಡೆದುಕೊಂಡಿದ್ದರು. ಅವಳು ಹೊಡೆದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು, ಸ್ವಲ್ಪ ಸೊಟ್ಟಗೆ.

“ಇಲ್ಲಿ ನೋಡಿ ಮೇಡಂ, ಎಡಗಡೆ” ಅಂದಳು ತನುಜಾ. “ಮೊಣಕೈ ಬಂದ್ಬಿಟ್ಟಿದೆ. ಕಣ್ಣು ಮೊದ್ಲು ಅಲ್ಲಿಗೇ ಹೋಗುತ್ತೆ. ಬೇಡದ್ದು ತೆಗೆದ್ರೆ ತಾನೆ ಬೇಕಾದ್ದು ಕಾಣೋದು? ನೀವೇ ಹೇಳಿದ್ದು.”

“ನಾನು ಏನೇನೋ ಹೇಳ್ತಿರ್ತೀನಿ. ಕಟರ್ ಕೆಳಗಿಡು. ಒಂದು ಕತೆ ಹೇಳ್ತೀನಿ.”

“ಉದ್ದ ಇದೆಯಾ ಮೇಡಂ? ಫ್ರೇಮ್ ಹಾಕೋರು ಅಂಗಡಿ ಮುಚ್ಚಿಬಿಡ್ತಾರೆ.”

“ಕರೆಂಟ್ ಹೋಗಿದೆ, ಗಿರಣಿ ನಿಂತಿದೆ. ಇಷ್ಟು ನಿಶ್ಶಬ್ದ ಮತ್ತೆ ಯಾವಾಗ ಸಿಗುತ್ತೋ. ಕೂತ್ಕೋ.”

ತನುಜಾ ಕೂತಳು. ಸ್ಕೇಲು ಮಾತ್ರ ಕೈಯಲ್ಲೇ ಇತ್ತು. ಮೇಡಂ ಹೇಳಿದ ಕತೆ ಇದು.

ಒಂದು ಊರು. ಆ ಊರಿಗೆ ಒಂದೇ ಸ್ಟುಡಿಯೋ. ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಓಡಾಡುವ ಕಾಲ ಅಲ್ಲ ಅದು. ಫೋಟೋ ಬೇಕಾದರೆ ಸ್ನಾನ ಮಾಡಿ, ಪೌಡರ್ ಹಚ್ಚಿಕೊಂಡು, ಸ್ಟುಡಿಯೋಗೇ ಹೋಗಬೇಕು.

ಸ್ಟುಡಿಯೋ ನಡೆಸುತ್ತಿದ್ದದ್ದು ಗಂಡ ಹೆಂಡತಿ. ಗಂಡ ಮುಂದುಗಡೆ ನಿಂತು ಫೋಟೋ ತೆಗೆಯುತ್ತಿದ್ದ. ಹೆಂಡತಿ ಒಳಗೆ ಕೂತು, ಬ್ಲೇಡು ಕುಂಚ ಹಿಡಿದು, ಫೋಟೋದಲ್ಲಿ ಬೇಡವಾದದ್ದನ್ನು ತೆಗೆಯುತ್ತಿದ್ದಳು. ಇಬ್ಬರ ಕಸುಬಿಗೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಒಂದು ದಿನ ಗಂಡ ತೀರಿಕೊಂಡ. ಎರಡೂ ತೆಗೆಯುವುದು ಅವಳ ಪಾಲಿಗೇ ಬಂತು.

ಬೇಡದ್ದನ್ನು ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಮುಖದ ಮೇಲಿನ ನರುಲಿ ತೆಗೆದಳು, ಸಿಡುಬಿನ ಕಲೆ ತೆಗೆದಳು. ಒಬ್ಬ ಮದುಮಗ ಫ್ಲ್ಯಾಷ್ ಹೊಡೆದಾಗ ಕಣ್ಣು ಮುಚ್ಚಿದ್ದ. ರೆಪ್ಪೆ ತೆಗೆದು ಅಲ್ಲಿ ಕಣ್ಣು ಬರೆದಳು. ಸ್ವಲ್ಪ ದೊಡ್ಡದಾಯಿತು. ತನಗೆ ಮದುವೆ ಆಗುತ್ತಿದೆ ಅಂತ ಅವನಿಗೆ ಆಗಷ್ಟೇ ಗೊತ್ತಾದ ಹಾಗಿತ್ತು. ಇನ್ನೊಂದು ಮನೆಯವರು ಜಗಳವಾಗಿ ಅಳಿಯನನ್ನು ಫೋಟೋದಿಂದ ತೆಗೆಸಿದರು. ಆಮೇಲೆ ರಾಜಿಯಾಗಿ ಮತ್ತೆ ಹಾಕಿಸಿದರು. ಹೋಗುವಾಗ ಇದ್ದದ್ದಕ್ಕಿಂತ ಬರುವಾಗ ಅಳಿಯ ಸ್ವಲ್ಪ ಎತ್ತರವಾಗಿದ್ದ. ಅವನೇನೂ ತಕರಾರು ಮಾಡಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳು ತೆಗೆದದ್ದು ಕೈ. ತಾಯಂದಿರ ಕೈ. ಎಳೆಮಗುವಿನ ಫೋಟೋ ಅಂದರೆ ಸ್ಟೂಲಿನ ಮೇಲೆ ಕೂರಿಸಬೇಕು. ಕೂರಿಸಿದರೆ ಉರುಳುತ್ತದೆ. ಅದಕ್ಕೇ ತಾಯಿ ಬಣ್ಣದ ಪರದೆಯ ಹಿಂದೆ ನಿಲ್ಲುವುದು, ಪರದೆಯ ಸೀಳಿನಲ್ಲಿ ಕೈ ತೂರಿಸಿ ಮಗುವನ್ನು ಹಿಡಿದುಕೊಳ್ಳುವುದು. ಪರದೆಯ ಮೇಲೆ ತಾಜಮಹಲು. ಫೋಟೋ ಬಂದಾಗ ನೋಡಿದರೆ, ತಾಜಮಹಲಿನ ಬಾಗಿಲಿನಿಂದ ಬಳೆ ತೊಟ್ಟ ಕೈಯೊಂದು ಹೊರಗೆ ಬಂದು ಮಗುವಿನ ಸೊಂಟ ಹಿಡಿದಿರುತ್ತಿತ್ತು. ಅಪ್ಪಂದಿರಿಗೆ ಅದು ಸರಿಬರುತ್ತಿರಲಿಲ್ಲ. “ಕೈ ತೆಗಿಯಮ್ಮ” ಅನ್ನುತ್ತಿದ್ದರು. ಅವಳು ತೆಗೆಯುತ್ತಿದ್ದಳು. ಆ ಊರಿನ ಮಕ್ಕಳೆಲ್ಲ ಹಲ್ಲು ಬರುವ ಮೊದಲೇ ತಾಜಮಹಲಿನ ಮುಂದೆ ತಾವೇ ತಾವಾಗಿ ಕೂತವರು.

ಆ ಊರಿಗೆ ಮದುವೆಯಾಗಿ ಬಂದ ಒಬ್ಬಳು ಹುಡುಗಿ ಇದ್ದಳು. ತಾಯಿಯ ಮುಖ ಕಂಡವಳಲ್ಲ. ಇವಳಿನ್ನೂ ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದಳು. ತಾಯಿಯದು ಒಂದು ಫೋಟೋ ಕೂಡ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ಆ ತಾಯಿಯ ಅತ್ತೆ ಹೇಳಿದ್ದಳಂತೆ. ಸೊಸೆ ತೆಗೆಸಿಕೊಳ್ಳಲಿಲ್ಲ. ಆಯಸ್ಸು ಆದರೂ ಕಡಿಮೆಯಾಯಿತು.

ಆದರೆ ಮಗುವಿನದು ಒಂದು ಫೋಟೋ ತೆಗೆಸಿದ್ದರು, ಬೇರೆ ಊರಿನಲ್ಲಿ. ಮಗು ಸ್ಟೂಲಿನ ಮೇಲೆ ಲಂಗ ತೊಟ್ಟು ಕೂತಿತ್ತು. ಹಿಂದೆ ಪರದೆ, ಪರದೆಯಲ್ಲಿ ಕೊಳ ಮತ್ತು ಒಂದು ಹಂಸ. ಹಂಸದ ಪಕ್ಕದಿಂದ ಒಂದು ಕೈ ಬಂದು ಮಗುವನ್ನು ಹಿಡಿದಿತ್ತು. ಬೆರಳುಗಳು ಲಂಗದಲ್ಲಿ ಹೂತಿದ್ದವು. ಮಣಿಕಟ್ಟಿನಲ್ಲಿ ಒಂದೇ ಒಂದು ಗಾಜಿನ ಬಳೆ. ಆ ಕೈಯನ್ನು ತೆಗೆಸುವಷ್ಟು ಆಸ್ಥೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಹಾಗಾಗಿ ಅದು ಉಳಿದಿತ್ತು. ಹುಡುಗಿಗೆ ತಾಯಿ ಅಂದರೆ ಅಷ್ಟೇ. ಮೊಣಕೈಯವರೆಗೆ.

ಹಿರಿಯರ ಹಬ್ಬ ಹತ್ತಿರ ಬಂತು. ತೀರಿಕೊಂಡವರ ಫೋಟೋಗಳನ್ನು ಸಾಲಾಗಿ ಇಟ್ಟು, ಹಾರ ಹಾಕಿ, ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವ ಹಬ್ಬ. ಹುಡುಗಿಯ ಅತ್ತೆ ಒಳ್ಳೆಯವಳು. “ನಿಮ್ಮಮ್ಮಂದೂ ಒಂದು ಫೋಟೋ ತಂದಿಡೇ. ನಮ್ಮವರ ಜೊತೆ ಅವರೂ ಉಣ್ಣಲಿ” ಅಂದಳು.

ಹುಡುಗಿ ಆ ಫೋಟೋ ತೆಗೆಸಿದ ಊರಿಗೇ ಹೋದಳು, ನೆಗೆಟಿವ್ ಸಿಕ್ಕೀತು ಅಂತ. ಸ್ಟುಡಿಯೋ ಇದ್ದ ಜಾಗದಲ್ಲಿ ಹೋಟೆಲ್ ಆಗಿತ್ತು. ನೆಗೆಟಿವ್ ಇದೆಯಾ ಅಂತ ಕೇಳಿದರೆ, ಅದು ಮುಗಿದಿದೆ, ಉಪ್ಪಿಟ್ಟು ಇದೆ ಅಂದರು. ಇದ್ದ ಒಂದೇ ಫೋಟೋ ಹಿಡಿದುಕೊಂಡು ನಮ್ಮ ಸ್ಟುಡಿಯೋದವಳ ಹತ್ತಿರ ಬಂದಳು. ಹುಡುಗಿಗೆ ಬೇಕಾಗಿದ್ದದ್ದು ಇಷ್ಟು. ಆ ಕೈಯೊಂದನ್ನೇ ದೊಡ್ಡದಾಗಿ ತೆಗೆದುಕೊಡಬೇಕು. ಕಟ್ಟು ಹಾಕಿಸಿ ಅಮ್ಮ ಅಂತ ಇಡುತ್ತಾಳೆ.

ಅವತ್ತು ಸ್ಟುಡಿಯೋ ತುಂಬ ಜನ. ಯಾರದೋ ಮದುವೆಯ ಗುಂಪು ಫೋಟೋ. ಒಬ್ಬ ಮುದುಕ ತನ್ನ ಮೀಸೆ ಎರಡು ಕಡೆಯೂ ಸಮ ಬರಬೇಕು ಅಂತ ಹಟ ಹಿಡಿದು ನಿಂತಿದ್ದ. ಮೀಸೆಯೇ ಸಮ ಇರಲಿಲ್ಲ. ಅದರ ನಡುವೆ ಹುಡುಗಿ ಫೋಟೋ ಮುಂದೆ ಚಾಚಿದಳು.

“ಅಕ್ಕಾ, ಈ ಕೈ ಇದೆಯಲ್ಲ, ಇದನ್ನ ತೆಗೆದುಕೊಡ್ಬೇಕು.”

“ಅದಕ್ಕೇನಮ್ಮ, ತೆಗೆಯೋಣ.”

“ಪೂರ್ತಿ ತೆಗೀಬೇಕು ಅಕ್ಕ. ಬೆರಳ ತುದೀನೂ ಬಿಡಬಾರ್ದು.”

“ಒಂದು ಉಗುರೂ ಬಿಡಲ್ಲ, ನೋಡ್ತಿರು. ಹಬ್ಬದ ಮೊದ್ಲು ಬಾ.”

ನಮ್ಮಮ್ಮನ ಕೈ ಅಂತ ಒಂದು ಮಾತು ಅಂದಿದ್ದರೆ ಆಗಿತ್ತು. ಆದರೆ ಆ ಹುಡುಗಿಗೆ ಅಮ್ಮ ಅನ್ನುವ ಮಾತು ಬಾಯಿಗೆ ರೂಢಿ ಇರಲಿಲ್ಲ. ಯಾರನ್ನೂ ಹಾಗೆ ಕರೆದವಳಲ್ಲ. ಅಷ್ಟು ಜನರ ನಡುವೆ ಮೊದಲ ಸಲ ಅನ್ನಲು ನಾಚಿಕೆಯಾಯಿತು.

ಸ್ಟುಡಿಯೋದವಳು ಫೋಟೋ ತೆಗೆದುಕೊಂಡು ಕಿಟಕಿ ಪಕ್ಕ ಕೂತಳು. ಸಾಮಾನ್ಯವಾಗಿ ಅವಳು ಮೊದಲು ಒಂದು ಕಾಪಿ ತೆಗೆದು, ಆ ಕಾಪಿಯ ಮೇಲೆ ಬ್ಲೇಡು ಆಡಿಸುವವಳು. ಈ ಸಲ ಮಗುವಿನ ಮುಖ ನೋಡಿದಳು. ಬೊಚ್ಚುಬಾಯಲ್ಲಿ ನಗುತ್ತಿತ್ತು. ಕಾಪಿ ಮಾಡಿದರೆ ಒಂದು ಚೂರು ಮಂಕಾಗುತ್ತದೆ. ಹುಡುಗಿ ಅಷ್ಟು ಆಸೆಯಿಂದ ಕೇಳಿದ್ದಾಳೆ, ಈ ನಗು ಮಂಕಾಗುವುದು ಬೇಡ ಅಂದುಕೊಂಡಳು. ಅಸಲು ಫೋಟೋದ ಮೇಲೆಯೇ ಬ್ಲೇಡು ಇಟ್ಟಳು.

ಬೆರಳುಗಳು ಬೇಗ ಹೋದವು. ಮುಂಗೈ ಹೋಯಿತು. ಬಳೆ ಮಾತ್ರ ಸತಾಯಿಸಿತು. ಗಾಜಿನ ಮೇಲೆ ಬಿದ್ದ ಒಂದು ಹೊಳಪು ಹೋಗಲು ಒಪ್ಪಲೇ ಇಲ್ಲ. ಅವಳೂ ಬಿಡಲಿಲ್ಲ. ಉಸಿರು ಹಿಡಿದು ಕೆರೆದಳು. ಕೆರೆದ ಪುಡಿಯನ್ನು ಮೆಲ್ಲಗೆ ಊದಿ ಹಾರಿಸಿದಳು. ಕೈ ಇದ್ದ ಜಾಗದಲ್ಲಿ ಕುಂಚದಿಂದ ಕೊಳದ ನೀರು ತುಂಬಿಸಿದಳು. ನೀರು ಬರೀ ಬೋಳಾಗಿ ಕಂಡಿತು. ಒಂದು ತಾವರೆ ಹಾಕಿದಳು. ಅದನ್ನು ಯಾರೂ ಕೇಳಿರಲಿಲ್ಲ, ಪ್ರೀತಿಗೆ ಹಾಕಿದ್ದು.

ಬೆರಳು ಒತ್ತಿದ ಕಡೆ ಲಂಗದಲ್ಲಿ ಸುಕ್ಕು ಬಿದ್ದಿತ್ತು. ಅದನ್ನೂ ಸರಿಮಾಡೋಣ ಅಂದುಕೊಳ್ಳುವಷ್ಟರಲ್ಲಿ ಬೆಳಕು ಇಳಿಯಿತು. ಕೈ ತೆಗಿ ಅಂದಿದ್ದಾಳೆ, ಸುಕ್ಕು ತೆಗಿ ಅಂದಿಲ್ಲವಲ್ಲ ಅಂತ ಬಿಟ್ಟಳು. ಫೋಟೋ ದೂರ ಹಿಡಿದು ನೋಡಿದಳು. ಅಷ್ಟು ಚೆನ್ನಾದ ಕೆಲಸ ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಹುಡುಗಿ ಬಂದಳು. ಕೈಯಲ್ಲಿ ಒಂದು ಪುಟ್ಟ ಸೇವಂತಿಗೆ ಹಾರ ಇತ್ತು. ಅಳತೆ ನೋಡಲು ತಂದಿದ್ದಳು. ಸ್ಟುಡಿಯೋದವಳು ಕವರ್ ಕೊಟ್ಟಳು. ಹುಡುಗಿ ಫೋಟೋ ಹೊರಗೆ ತೆಗೆದು ನೋಡಿದಳು. ತಿರುಗಿಸಿ ಹಿಂದುಗಡೆ ನೋಡಿದಳು. ಕವರಿನೊಳಗೆ ಬೆರಳು ಹಾಕಿ, ಇನ್ನೊಂದು ಇದೆಯೇನೋ ಅಂತ ತಡಕಿದಳು.

ಸ್ಟುಡಿಯೋದವಳಿಗೆ ನಗು. “ಏನೇ ಹುಡುಕ್ತೀಯ? ಕೈ ಎಲ್ಲಿತ್ತು ಅಂತ ನಿಂಗೂ ಗೊತ್ತಾಗ್ತಿಲ್ಲ ಅಲ್ವಾ?”

ಹುಡುಗಿ ಅಂದಳು, “ಅದು ನಮ್ಮಮ್ಮ.”

ಆ ಮಾತು ಅವತ್ತು ಅವಳ ಬಾಯಿಗೆ ಬಂತು.

ಸ್ಟುಡಿಯೋದವಳು ಕಿಟಕಿ ಹತ್ತಿರ ಹೋಗಿ, ಮಂಡಿಯೂರಿ, ನೆಲದ ಮೇಲೆ ಅಂಗೈ ಆಡಿಸಿದಳು. ಏನು ಹುಡುಕಿದಳೋ. ಕೆರೆದ ಪುಡಿ ಅವಳೇ ಊದಿ ಕಳಿಸಿದ್ದಳು. ಎದ್ದು ಬಂದು ಅಂದಳು, “ನಾನು ಬರೆದುಕೊಡ್ತೀನಮ್ಮ. ನಂಗೆ ಒಂದೊಂದು ಬೆರಳೂ ನೆನಪಿದೆ. ಬಳೆ ಅಂತೂ ಕಣ್ಣು ಮುಚ್ಚಿ ಬರೀತೀನಿ.”

ಸುಳ್ಳಲ್ಲ. ಆ ಕೈಯನ್ನು ಲೋಕದಲ್ಲಿ ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

“ಬೇಡ ಅಕ್ಕ” ಅಂದಳು ಹುಡುಗಿ. “ನೀವು ಚೆನ್ನಾಗೇ ಬರೀತೀರ. ಆದ್ರೆ ಅದು ನೀವು ಬರೆದ ಕೈ ಆಗುತ್ತೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಒಬ್ಬರಿಗಾದರೂ ಹಗುರ ಆಗುತ್ತಿತ್ತು. ಫೋಟೋ ಹಿಡಿದು ಬೆಳಕಿಗೆ ಬಂದಳು. ತುಂಬ ಹೊತ್ತು ನೋಡಿದಳು. ಲಂಗದ ಸುಕ್ಕಿನ ಮೇಲೆ ತನ್ನ ಬೆರಳು ಒಂದೊಂದಾಗಿ ಇಟ್ಟಳು. ಒತ್ತಿದ ಗುರುತು ಹಾಗೇ ಇತ್ತು, ಒತ್ತಿದವರು ಇರಲಿಲ್ಲ. ಮಗು ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿಕೊಂಡೇ ಇತ್ತು. ತನ್ನ ಬೆನ್ನ ಹಿಂದೆ ಏನಾಗಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ.

ಹಬ್ಬದ ದಿನ ಸ್ಟುಡಿಯೋದವಳು ಆ ಮನೆಗೆ ಹೋದಳು. ಯಾರೂ ಕರೆದಿರಲಿಲ್ಲ. ಹಿರಿಯರ ಫೋಟೋಗಳ ಸಾಲಿನಲ್ಲಿ, ಪೇಟ ಸುತ್ತಿದ ಮಾವಂದಿರ ಪಕ್ಕದಲ್ಲಿ, ಆ ಮಗುವಿನ ಫೋಟೋ ಇತ್ತು. ಹಾರ ಹಾಕಿತ್ತು. ಮುಂದೆ ಎಲೆಯಲ್ಲಿ ಎಡೆ ಇತ್ತು. ಹೋಳಿಗೆ, ವಡೆ, ಎಲ್ಲ ಬಡಿಸಿತ್ತು. ಮಗು ಬೊಚ್ಚುಬಾಯಲ್ಲಿ ನಗುತ್ತಿತ್ತು.

ಊಟಕ್ಕೆ ಬಂದ ಒಬ್ಬಳು ನೆಂಟರ ಅಜ್ಜಿ ಅದನ್ನು ನೋಡಿ ಲೊಚಗುಟ್ಟಿದಳು. “ಅಯ್ಯೋ, ಎಂಥ ಮುದ್ದು ಮಗು. ಯಾವಾಗ ಹೋಯ್ತೇ ತಾಯಿ?”

“ಆ ಮಗು ನಾನೇ ಅಜ್ಜಿ” ಅಂದಳು ಹುಡುಗಿ, ಪಾಯಸ ಬಡಿಸುತ್ತ. “ಹೋದವರು ಅದರ ಹಿಂದಿದ್ದಾರೆ.”

ಅಜ್ಜಿಗೆ ಸಮಾಧಾನ ಆಗಲಿಲ್ಲ. ಎಲೆ ಬಿಟ್ಟು ಎದ್ದುಹೋಗಿ, ಫೋಟೋ ಒಂದಿಷ್ಟು ಸರಿಸಿ, ಹಿಂದೆ ಬಗ್ಗಿ ನೋಡಿದಳು. ಗೋಡೆ ಇತ್ತು. ವಾಪಸ್ ಬಂದು ಕೂತಳು.

ಯಾರಿಗೂ ನಗಬೇಕು ಅನ್ನಿಸಲಿಲ್ಲ. ಸ್ಟುಡಿಯೋದವಳ ಎಲೆಗೂ ಹುಡುಗಿ ಪಾಯಸ ಬಡಿಸಿದಳು. “ಇನ್ನೊಂದ್ ಸೌಟು ಹಾಕ್ಲಾ ಅಕ್ಕ?” ಅಂದಳು. ಮೊದಲನೆಯದೇ ಎಲೆಯಲ್ಲಿ ಹಾಗೇ ಇತ್ತು.

ಆಮೇಲೆ ಅವಳು ಕಸುಬು ಬಿಟ್ಟಳು ಅಂತೇನೂ ಅಲ್ಲ. ಹೊಟ್ಟೆಪಾಡು. ಆದರೆ ಯಾರಾದರೂ ಬಂದು ಫೋಟೋದಲ್ಲಿ ಏನಾದರೂ ತೆಗಿ ಅಂದರೆ, ಬ್ಲೇಡು ಮುಟ್ಟುವ ಮೊದಲು, “ಇದು ಯಾರದು?” ಅಂತ ಕೇಳುವಳು. ಜನಕ್ಕೆ ರೇಗುತ್ತಿತ್ತು. “ಯಾರದಾದ್ರೆ ನಿಂಗೇನಮ್ಮ, ತೆಗೆದು ಕೊಡು” ಅನ್ನುತ್ತಿದ್ದರು. ಕೆಲವರಿಗೆ ನಿಜವಾಗಿ ಗೊತ್ತೇ ಇರುತ್ತಿರಲಿಲ್ಲ. ಗೊತ್ತಿದ್ದ ಕೆಲವರು, ತೆಗೆಯುವುದು ಬೇಡ ಅಂತ ಫೋಟೋ ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು. ಬರಬರುತ್ತ ಗಿರಾಕಿಗಳು ಕಡಿಮೆಯಾದರು. ಊರಿನ ಮಕ್ಕಳು ಫೋಟೋದಲ್ಲಿ ತಾವಾಗಿ ಕೂರುವುದೂ ಕಡಿಮೆಯಾಯಿತು.

ಕತೆ ಅಲ್ಲಿಗೆ ನಿಂತಿತು. ಕೆಳಗೆ ಕರೆಂಟ್ ಇನ್ನೂ ಬಂದಿರಲಿಲ್ಲ. ಗಿರಣಿಗೆ ಬಂದ ಯಾರೋ ಹೆಂಗಸು ಜೋಳದ ಡಬ್ಬಿ ನೆಲಕ್ಕೆ ಇಟ್ಟ ಸದ್ದು ಮಹಡಿಯವರೆಗೂ ಕೇಳಿಸಿತು.

ತನುಜಾ ಫೋಟೋ ಕಡೆ ನೋಡುತ್ತಿದ್ದಳು. ಭಟ್ಟಿಯ ಹೆಂಗಸಿನ ಮುಖ ಬೆಳಗುತ್ತಲೇ ಇತ್ತು. ಎಡಗಡೆ ಅಂಚಿನಲ್ಲಿ, ಬಿಸಿ ಗೋಡೆಗೆ ಒತ್ತಿಕೊಂಡು, ಆ ಮೊಣಕೈ ಇತ್ತು. ಗೋಡೆಯ ಮೇಲಿನ ಸೊಟ್ಟ ಮೊಳೆ ಅವಳ ಕಣ್ಣಿಗೆ ಎದುರೇ ಇತ್ತು.

“ಕತೆ ಚೆನ್ನಾಗಿದೆ ಮೇಡಂ” ಅಂದಳು, ಏನಾದರೂ ಅನ್ನಬೇಕಲ್ಲ ಅಂತ. ಸ್ಕೇಲನ್ನು ಮೇಜಿನ ಮೇಲಿಟ್ಟಳು. ಸದ್ದಾಗದ ಹಾಗೆ ಇಟ್ಟಳು.

ಮೇಡಂ ಕನ್ನಡಕ ಹಾಕಿಕೊಂಡು ಫೋಟೋವನ್ನು ಅವಳ ಕಡೆ ತಿರುಗಿಸಿದರು.

“ಹ್ಞಾಂ, ಈಗ ಹೇಳು. ಯಾರ ಕೈ ತೆಗೀಬೇಕು ಅಂದೆ?”